ಮಗ್ಗದವನು ಕಾರಿಗೆ ಎಣ್ಣೆ ಹಾಕಿದ್ದು

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು. ದಸರಾ ರಜ ಮುಗಿದು ಶಾಲೆಯ ಬಾಗಿಲು ತೆರೆಯಿತು, ನಾನು ಹೋಗಲಿಲ್ಲ, ಅಷ್ಟೇ. ಅದರಲ್ಲಿ ಕಣ್ಣೊರೆಸಿಕೊಳ್ಳುವ ಕಥೆಯೇನೂ ಇಲ್ಲ. ರಜದಲ್ಲಿ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಕೆಲಸಕ್ಕೆ ಹೋಗಿದ್ದೆ, ಅಲ್ಲೇ ಹಿತವಾಗಿತ್ತು. ಮಗ್ಗ ತಪ್ಪು ಮಾಡಿದರೆ ತಕ್ಷಣ ನಿಲ್ಲುತ್ತದೆ; ಯಾವ ಎಳೆ ಕಿತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಲೆಕ್ಕದ ಪುಸ್ತಕ ಹಾಗಲ್ಲ. ಮೊದಲ ಸಾಲಿನಲ್ಲಿ ಮಾಡಿದ ತಪ್ಪು ಸುಮ್ಮನೆ ಕೂತಿದ್ದು, ಕೊನೆಯ ಸಾಲಿಗೆ ಬಂದಾಗ ಕಪಾಳಕ್ಕೆ ಹೊಡೆಯುತ್ತದೆ. ನಮ್ಮದು ರಾಜಘಟ್ಟದ ಕಡೆಯ ಹೊಲದ ಮನೆತನ. ನಮ್ಮಲ್ಲಿ ಮಗ್ಗಕ್ಕೆ ಕೈ ಹಾಕಿದವನು ನಾನೇ ಮೊದಲು. ಅವತ್ತು ಹಾಕಿದ ಕೈಯನ್ನು ಇವತ್ತಿನವರೆಗೂ ತೆಗೆದಿಲ್ಲ. ಇದನ್ನು ಹೇಳಿಕೊಳ್ಳುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ ಬಿಡಿ.

ಶಾಲೆಯದು ಎಂದು ನನ್ನಲ್ಲಿ ಉಳಿದಿರುವುದು ಎಣ್ಣೆಯ ನೆನಪೊಂದೇ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂದು ಗಾದೆ ಮಾಡಿದ ಪುಣ್ಯಾತ್ಮ ನಮ್ಮವ್ವನ ಕೈಗೆ ಸಿಕ್ಕಿರಲಿಲ್ಲ. ಅವಳು ಹರಳೆಣ್ಣೆಯ ಗಿಂಡಿ ಹಿಡಿದು ಬಂದರೆ ಕಣ್ಣು ಮುಚ್ಚದೆ ಬೇರೆ ದಾರಿಯೇ ಇರಲಿಲ್ಲ. ನೆತ್ತಿಗೆ ಹಾಕಿದ್ದು ಹಣೆಗಿಳಿದು, ಹಣೆಯಿಂದ ಮೂಗಿಗಿಳಿದು, ಮೂಗಿನ ತುದಿಯಿಂದ ಲೆಕ್ಕದ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಎಣ್ಣೆ ಬಿದ್ದ ಹಾಳೆ ಗಾಜಿನ ಹಾಗೆ ಆಗುತ್ತದೆ, ನೋಡಿದ್ದೀರಲ್ಲ? ಈ ಕಡೆಯ ಕೂಡುವ ಲೆಕ್ಕದ ಮೇಲೆ ಆ ಕಡೆಯ ಕಳೆಯುವ ಲೆಕ್ಕ ಬಂದು ಕೂರುತ್ತಿತ್ತು. ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಲೇ ಮುನಿರಾಜ, ನಿಮ್ಮವ್ವಂಗೆ ಹೇಳು, ಎಣ್ಣೆ ತಲೆಗೆ ಹಾಕೋದು ಕಣೋ, ಪುಸ್ತಕಕ್ಕಲ್ಲ. ತಲೆಯೊಳಗೆ ಹೋಗಿದ್ರೆ ಕೆಳಗೆ ಯಾಕೆ ಸೋರ್ತಿತ್ತು?” ಎನ್ನುತ್ತಿದ್ದರು.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಇವತ್ತು ಬೆಳಿಗ್ಗೆ ಕಾರಿನ ಎಣ್ಣೆ ನೋಡಿ ಬಂದು ಪೇಪರ್ ಓದಲು ಕೂತೆ. ಹೆಬ್ಬೆರಳು ಒರೆಸಿಕೊಂಡಿರಲಿಲ್ಲ. ಪೇಪರಿನ ಮೂಲೆಯಲ್ಲಿ ಒಂದು ಬೆಳಕಿಂಡಿ ಮೂಡಿ, ಈ ಕಡೆಯ ಮದುವೆ ಮಂಟಪದ ಜಾಹೀರಾತಿನೊಳಗೆ ಆ ಕಡೆಯ ಹವಾಮಾನ ಕಾಣಿಸಿತು.

ಕಾರು ಎಂದೆನಲ್ಲ, ಅದು ಸಾಮಾನ್ಯ ಕಾರಲ್ಲ. ಸ್ಪೋರ್ಟ್ಸ್ ಕಾರು. ನಗಬೇಡಿ. ಪರದೇಶದ ಕಂಪನಿಯದು; ಅದರ ಹೆಸರನ್ನು ನಮ್ಮ ಬೀದಿಯಲ್ಲಿ ಮೂರು ಜನ ಮೂರು ಥರ ಹೇಳುತ್ತಾರೆ, ಆದ್ದರಿಂದ ಬೇಡ. ಎರಡೇ ಬಾಗಿಲು, ಎರಡೇ ಸೀಟು. ಎಷ್ಟು ತಗ್ಗು ಎಂದರೆ ರಸ್ತೆಯಲ್ಲಿ ಪಕ್ಕಕ್ಕೆ ಬಂದ ಬಸ್ಸಿನ ಚಕ್ರ ನಮ್ಮ ಮುಖದ ಮಟ್ಟಕ್ಕಿರುತ್ತದೆ. ಸದ್ದು ಮಾತ್ರ ಲಾರಿಯದು. ರಾಜಘಟ್ಟದ ಹತ್ತಿರ ತೋಟದ ಮನೆ ಮಾಡಿಕೊಂಡಿದ್ದ ಸಾಹೇಬರೊಬ್ಬರು ತೋಟ ಕೊಟ್ಟು ಹೊರಟಾಗ ಇದು ಅವರ ಕೊಟ್ಟಿಗೆಯಲ್ಲಿ ನಿಂತಿತ್ತು. ಎಡಗಡೆಯ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. “ಓಡಿಸ್ಕೊಂಡು ಹೋಗೋ ಹಂಗಿದ್ರೆ ತಗೊಂಡ್ಹೋಗಪ್ಪ” ಎಂದರು. ಎರಡು ಹಳೆಯ ಮಗ್ಗ ಮಾರಿ ಬಂದದ್ದನ್ನು ಕೊಟ್ಟೆ. ಕೋಳಿ ಮರಿ ಮಾಡಿಕೊಂಡು ತಾನಾಗಿಯೇ ಇಳಿದು ಹೋಗುವವರೆಗೆ ಕಾದು, ಆಮೇಲೆ ಎಳೆದುಕೊಂಡು ಬಂದೆ.

ಮನೆ ಮುಂದೆ ನಿಲ್ಲಿಸಿದಾಗ ನನ್ನ ಹೆಂಡತಿ ರತ್ನ ಅದನ್ನು ಒಂದು ಸುತ್ತು ಹಾಕಿ, “ಮಿಕ್ಕ ಅರ್ಧ ಯಾವಾಗ ಬರುತ್ತೆ?” ಎಂದು ಕೇಳಿದಳು.

ರತ್ನಳ ವಿಷಯ ಹೇಳದೆ ಎಣ್ಣೆಯ ವಿಷಯ ಹೇಳಲಾಗದು. ಅವಳ ಕಿವಿ ಮಂದ. ಹುಟ್ಟಿನಿಂದಲ್ಲ, ಮಗ್ಗದಿಂದ. ಹದಿನೆಂಟು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಹುಡುಗಿಯಾಗಿದ್ದಾಗಿನಿಂದ ಕೂತು ಕಂಡಿಕೆ ಸುತ್ತಿದವಳು. ಕಂಡಿಕೆ ಅಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಆ ಸದ್ದಿನೊಳಗೆ ಕೂಗಿ ಪ್ರಯೋಜನವಿಲ್ಲ. ಅದಕ್ಕೇ ನಮ್ಮ ಶೆಡ್ಡುಗಳಲ್ಲಿ ಯಾರೂ ಕೂಗುವುದಿಲ್ಲ, ಬಾಯಿ ಆಡಿಸುತ್ತೇವೆ. ತುಟಿ ನೋಡಿ ತಿಳಿದುಕೊಳ್ಳುವುದು. ಮಗ್ಗಕ್ಕೆ ಏನಾಗಿದೆ ಎನ್ನುವುದನ್ನೂ ಕಿವಿಯಿಂದ ತಿಳಿಯುವುದಿಲ್ಲ. ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತೇವೆ, ಅವ್ವ ಮಗುವಿನ ಹೊಟ್ಟೆಯ ಮೇಲೆ ಇಟ್ಟು ನೋಡುವ ಹಾಗೆ.

ತುಟಿಯ ಭಾಷೆಗೆ ಒಂದು ದೋಷವಿದೆ. ಅದರಲ್ಲಿ ಪ, ಬ, ಮ ಮೂರೂ ಒಂದೇ. ನನಗೆ ಇಪ್ಪತ್ತೆರಡೋ ಮೂರೋ ಇದ್ದಾಗ, ಒಂದು ದಿನ ನನ್ನ ಮಗ್ಗದಲ್ಲಿ ಎಳೆ ಕಿತ್ತು ಕಿತ್ತು ಸಾಕಾಗಿ ಹೋಗಿತ್ತು. ಆ ಮೂಲೆಯಲ್ಲಿ ಕೂತಿದ್ದ ರತ್ನ ನನ್ನನ್ನೇ ನೋಡಿ ತುಟಿ ಆಡಿಸಿದಳು. ನನಗೆ ಕಂಡದ್ದು “ಬಾಪ್ಪ” ಎಂದು. ಅಷ್ಟು ಜನರ ಮಧ್ಯೆ ಕರೆಯುತ್ತಾಳಲ್ಲ, ಎಂಥ ಧೈರ್ಯ ಎಂದುಕೊಂಡು ತಲೆಯ ಕೂದಲನ್ನು ಸರಿಮಾಡಿಕೊಂಡು ನೆಟ್ಟಗೆ ಹೋಗಿ ಅವಳ ಮುಂದೆ ನಿಂತೆ. ಅವಳು ಗಾಬರಿಯಾಗಿ ಕಂಡಿಕೆ ಬೀಳಿಸಿದಳು. ಅವಳು ಅಂದಿದ್ದು “ಪಾಪ” ಅಂತ. ಆ ಒಂದು ಅಕ್ಷರದ ತಪ್ಪಿನಿಂದ ನನ್ನ ಸಂಸಾರ ನಿಂತಿದೆ.

ಅದೇ ಥರದ ಇನ್ನೊಂದು ತಪ್ಪು ಅವಳನ್ನು ಅವಳ ಅಕ್ಕನಿಂದ ದೂರ ಮಾಡಿತು. ಅಕ್ಕ ಸರೋಜಮ್ಮ ದೇವನಹಳ್ಳಿಯ ಆಚೆಯ ವಿಜಯಪುರದಲ್ಲಿದ್ದಾರೆ. ಅವರದು ರೇಷ್ಮೆ ಹುರಿ ಮಾಡುವ ಮನೆ. ತಾಯಿ ಇಲ್ಲದ ರತ್ನಳಿಗೆ ಜಡೆ ಹಾಕಿ ಬೆಳೆಸಿದವರು. ಎರಡು ವರ್ಷದ ಹಿಂದೆ ಅವರ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರವಿತ್ತು. ಮನೆ ತುಂಬಾ ಜನ. ಹಿಂದೆಲ್ಲ ಇಂಥ ಕಡೆ ತೊಟ್ಟಿಲ ಮುಂದೆ ಮೊದಲು ಬಾಯಿ ತೆರೆಯುತ್ತಿದ್ದವಳೇ ರತ್ನ. ಆವತ್ತು ಅಕ್ಕ ಆ ಕಡೆಯಿಂದ “ರತ್ನಾ, ಹಾಡು!” ಎಂದರು. ಹಾಡು, ಹಾಲು, ತುಟಿಯ ಮೇಲೆ ಎರಡೂ ಒಂದೇ. ನೀವೇ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ರತ್ನ ಅಡುಗೆಮನೆಗೆ ಓಡಿ ಒಂದು ಲೋಟ ಹಾಲು ತಂದು ನಿಂತಳು.

ಎಲ್ಲರೂ ನಕ್ಕರು. ನಗಲಿ, ನಗುವಂಥದ್ದೇ. ಆದರೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅಕ್ಕ. ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ರತ್ನಳಿಗೆ ಸದ್ದು ಕೇಳಲಿಲ್ಲ, ಆ ಮುಖ ಕಂಡಿತು. ಅಲ್ಲಿಂದ ಮುಂದೆ ಮದುವೆಗೂ ಇಲ್ಲ, ಮುಂಜಿಗೂ ಇಲ್ಲ, ಅಕ್ಕನ ಮನೆಯಂತೂ ಇಲ್ಲವೇ ಇಲ್ಲ. ಕಿವಿಯ ಮಿಷನ್ ಕೊಡಿಸಿದ್ದೇವೆ. ಹಾಕಿಕೊಂಡರೆ ಚಮಚ ಬಿದ್ದದ್ದೂ ಛಾವಣಿ ಬಿದ್ದ ಹಾಗೆ ಕೇಳುತ್ತದಂತೆ. ಒಬ್ಬರೇ ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಹತ್ತು ಜನ ಸೇರಿದ ಕಡೆ ಒಂದೂ ತಿಳಿಯುವುದಿಲ್ಲ.

ಅಕ್ಕನೇ ಬರಬಹುದಿತ್ತು, ಆದರೆ ಅವರಿಗೆ ಎರಡೂ ಮಂಡಿ ಹೋಗಿವೆ, ಬಸ್ಸಿನ ಮೆಟ್ಟಿಲು ಹತ್ತಲಾರರು. ಫೋನಿನಲ್ಲಿ ಮಾತಾಡೋಣವೆಂದರೆ ಇವಳಿಗೆ ಫೋನು ಕೇಳದು. ಹಾಗಾಗಿ ವಾರಕ್ಕೊಮ್ಮೆ ಅಕ್ಕ ನನಗೆ ಫೋನು ಮಾಡುವುದು, ನಾನು ಮಧ್ಯದಲ್ಲಿ ಸುದ್ದಿ ಸಾಗಿಸುವುದು.

“ಏನಪ್ಪಾ ಮುನಿರಾಜು, ಹೆಂಗವ್ಳೆ?”

“ಚೆನ್ನಾಗವ್ಳೆ ಅಕ್ಕ.”

“ನನ್ ಮೇಲೆ ಇನ್ನೂ ಕೋಪಾನಾ?”

“ಕೋಪ ಏನಿಲ್ಲಕ್ಕ, ಕೆಲ್ಸ ಜಾಸ್ತಿ.”

“ಸುಳ್ಳು ಹೇಳಕ್ಕೂ ಬರಲ್ವಲ್ಲಪ್ಪ ನಿಂಗೆ. ಸಾಯೋದ್ರೊಳಗೆ ಒಂದ್ಸಲ ಕರ್ಕೊಂಡ್ಬಾ” ಎಂದು ಅವರು ಫೋನಿಡುತ್ತಿದ್ದರು.

ಒಂದು ಸಲ ನಾನು ಅದನ್ನು ಹಾಗೇ ರತ್ನಳಿಗೆ ಹೇಳಿದೆ. ಅವಳು ತುಂಬ ಹೊತ್ತು ಬಟ್ಟೆ ಮಡಿಸುತ್ತಿದ್ದಳು. ಆಮೇಲೆ, “ಬಸ್ಸಲ್ಲಿ ಬರಲ್ಲ. ಕಂಡಕ್ಟರ್ ಏನೋ ಕೇಳ್ತಾನೆ, ನಾನು ಇನ್ನೇನೋ ಹೇಳ್ತೀನಿ. ನಿಮ್ ಕಾರು ಎಲ್ಲೂ ನಿಲ್ದಂಗೆ ಅಕ್ಕನ ಬಾಗ್ಲಿಗೆ ಹೋಗುತ್ತೆ ಅನ್ನಂಗಿದ್ರೆ ಬರ್ತೀನಿ. ದಾರೀಲಿ ಕೆಟ್ಟು ನಿಂತು, ನಾಲ್ಕು ಜನ ಸುತ್ತ ಬಂದು, ಏನಾಯ್ತಮ್ಮ ಏನಾಯ್ತಮ್ಮ ಅಂತ ನನ್ನನ್ನ ಕೇಳೋ ಹಂಗೆ ಆಗ್ಬಾರ್ದು” ಎಂದಳು.

ಅಲ್ಲಿಗೆ ನನ್ನ ಕಾರು ಕಾರಾಗಿ ಉಳಿಯಲಿಲ್ಲ. ಅಕ್ಕ-ತಂಗಿಯರ ಮಧ್ಯೆ ಹಾಕಬೇಕಾದ ಸೇತುವೆಯಾಯಿತು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಮೇಲೆ ವಿಜಯಪುರಕ್ಕೆ ಏನು ಮಹಾ ದೂರ? ಹೊಸ ಕಾರಿಗೆ ಒಂದು ಗಂಟೆಯ ದಾರಿ. ಹಳೆಯ ಕಾರಿಗೆ ಮಾತ್ರ ಎಲ್ಲ ದೂರವೂ ದೂರವೇ.

ಬ್ರೇಕು, ಚಕ್ರ, ನೀರಿನ ಪೈಪು ಎಲ್ಲ ನಾನೇ ಸರಿಮಾಡಿದೆ. ಇಂಜಿನ್ ತಿರುಗಿತು. ಉಳಿದದ್ದು ಎಣ್ಣೆ. ಅದರಲ್ಲಿ ನನ್ನಷ್ಟು ತಿಳಿದವರು ಯಾರಿದ್ದಾರೆ ಎನ್ನುವ ಧಿಮಾಕು ನನಗೆ. ಆ ಧಿಮಾಕಿಗೂ ಕಾರಣವಿದೆ. ರೇಷ್ಮೆ ನೇಯುವವನ ಕಣ್ಣಿನಲ್ಲಿ ಎಣ್ಣೆಯೇ ದೊಡ್ಡ ಶತ್ರು. ಮಗ್ಗಕ್ಕೆ ಎಣ್ಣೆ ಬೇಕು, ಹಾಕದಿದ್ದರೆ ಕೀರಲು ಹತ್ತುತ್ತದೆ. ಸೀರೆಗೆ ಎಣ್ಣೆ ಬೀಳಬಾರದು, ಒಂದು ಹನಿ ಸಿಡಿದರೆ ಸೀರೆಯೇ ಹೋಯಿತು. ಅದಕ್ಕೆ ನಾವು ಕೋಳಿಯ ಪುಕ್ಕ ಅದ್ದಿ, ಬಾಟಲಿಯ ಬಾಯಿಗೆ ಒರೆಸಿ, ಉಳಿದ ಪಸೆಯನ್ನಷ್ಟೇ ಮಗ್ಗಕ್ಕೆ ತಾಕಿಸುತ್ತೇವೆ. ಎಣ್ಣೆಯೂ ಎಂಥದ್ದು? ನೀರಿನ ಹಾಗೆ ತೆಳ್ಳಗೆ, ಬಣ್ಣವಿಲ್ಲದ್ದು, ಒಗೆದರೆ ಹೋಗುವಂಥದ್ದು. ತೆಳುವಾದಷ್ಟೂ ಒಳ್ಳೆಯದು, ಕಡಿಮೆಯಾದಷ್ಟೂ ಇನ್ನೂ ಒಳ್ಳೆಯದು. ಮೂವತ್ತೆಂಟು ವರ್ಷ ಇದೇ ಧರ್ಮ ಪಾಲಿಸಿಕೊಂಡು ಬಂದ ಕೈ ನನ್ನದು.

ಆ ಕೈ ಬೀಸಿಕೊಂಡು ಬಸ್ ಸ್ಟ್ಯಾಂಡ್ ಪಕ್ಕದ ಸಾದಿಕ್‌ನ ಆಯಿಲ್ ಅಂಗಡಿಗೆ ಹೋದೆ.

“ಸಾದಿಕ್, ಎಣ್ಣೆ ಕೊಡಪ್ಪ.”

“ನಿಮ್ಗಾ ಅಣ್ಣ, ಗಾಡಿಗಾ?” ಎಂದ. ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದವರು ನಕ್ಕರು. ನಮ್ಮ ಕಡೆ ಸಂಜೆಯ ಬಾಟಲಿಗೂ ಎಣ್ಣೆ ಎಂದೇ ಹೆಸರು.

“ಗಾಡಿಗೆ ಕಣೋ. ನಿನ್ನ ಹತ್ರ ಇರೋದ್ರಲ್ಲೆಲ್ಲ ತೆಳ್ಳಗಿರೋದು, ಒಳ್ಳೇದು ತೆಗಿ.”

ಅವನು ಎರಡು ಡಬ್ಬ ಇಟ್ಟ. ಒಂದರ ಮೇಲೆ ಐದು ಡಬ್ಲ್ಯೂ ಮೂವತ್ತು, ಇನ್ನೊಂದರ ಮೇಲೆ ಇಪ್ಪತ್ತು ಡಬ್ಲ್ಯೂ ಐವತ್ತು ಎಂದು ಬರೆದಿತ್ತು. “ಡಬ್ಲ್ಯೂ ಅಂದ್ರೆ ಏನೋ?” ಎಂದೆ.

“ವಿಂಟರ್ ಅಣ್ಣ. ಚಳಿಗಾಲ. ಮುಂದಿನ ನಂಬರ್ ಚಳೀಲಿ ಎಷ್ಟು ತೆಳು ಅಂತ. ಹಿಂದಿನ ನಂಬರ್ ಬಿಸಿ ಆದ್ಮೇಲೆ ಎಷ್ಟು ಗಟ್ಟಿ ನಿಲ್ಲುತ್ತೆ ಅಂತ.”

“ದೊಡ್ಡಬಳ್ಳಾಪುರದಲ್ಲಿ ಚಳಿಗಾಲ ಅಂದ್ರೆ ಟೋಪಿ ಹಾಕ್ಕೊಂಡು ವಾಕಿಂಗ್ ಹೋಗೋದು. ಅದಕ್ಕೊಂದು ನಂಬರ್ರಾ?”

“ನಿಮ್ಮದು ಹಳೇ ಇಂಜಿನ್ ಅಣ್ಣ. ಒಳಗೆಲ್ಲ ಸವೆದು ಸಂದು ಬಿಟ್ಟಿರುತ್ತೆ. ಗಟ್ಟಿದು ಹಾಕಿ, ಸಂದಲ್ಲಿ ನಿಲ್ಲುತ್ತೆ. ಇದು ತೆಳ್ಳಗಿರೋದು, ಹೊಸ ಗಾಡಿಗೆ.”

“ನಂಗೆ ಎಣ್ಣೆ ಹೇಳ್ಕೊಡ್ತೀಯೇನೋ? ನೀನು ಹುಟ್ಟೋಕ್ ಮುಂಚಿಂದ ರೇಷ್ಮೆ ಮೇಲೆ ಕಲೆ ಬೀಳ್ದಂಗೆ ಎಣ್ಣೆ ಹಾಕಿದೀನಿ.”

“ಸರಿ ಬಿಡಿ ಅಣ್ಣ. ಗಾಡಿ ನಿಮ್ದು, ಎಣ್ಣೆ ನಿಮ್ದು” ಎಂದು ತೆಳುವಾದ ಡಬ್ಬವನ್ನೇ ಕಟ್ಟಿಕೊಟ್ಟ.

ಸುರಿಯುವಾಗ ನೋಡಬೇಕಿತ್ತು ನೀವು. ಜೇನಿನ ಬಣ್ಣ, ನೀರಿನ ಹರಿವು. ಇಂಜಿನ್ನಿಗೆ ನಾಲ್ಕು ಲೀಟರಿನ ಮೇಲೆ ಬೇಕು ಎನ್ನುವುದು ಗೊತ್ತಿದ್ದರೂ, ಎರಡು ಸುರಿಯುವಷ್ಟರಲ್ಲಿ ಕೈ ತಾನಾಗಿಯೇ ಡಬ್ಬವನ್ನು ಎತ್ತಿಬಿಟ್ಟಿತು. ಸಾಕು, ಚೆಲ್ಲೀತು ಎಂದು ಕೈಗೆ ಭಯ. ತಲೆ ಬೈದ ಮೇಲೆ ಇನ್ನೊಂದು ಸುರಿಯಿತು. ಮತ್ತೆ ನಿಂತಿತು. ಕೊನೆಗೆ ಕಣ್ಣು ಬೇರೆ ಕಡೆ ಮಾಡಿಕೊಂಡು ಉಳಿದದ್ದನ್ನು ಸುರಿದೆ. ಆಮೇಲೆ ಅಭ್ಯಾಸ ಬಲದಿಂದ ಬಟ್ಟೆ ತಂದು ಇಂಜಿನ್ನಿನ ಮೈಯೆಲ್ಲ ಒರೆಸಿದೆ, ಅದರ ಮೇಲೆ ಸೀರೆ ನೇಯುವವನ ಹಾಗೆ.

ಮಾರನೆಯ ದಿನ ಒಬ್ಬನೇ ದೇವನಹಳ್ಳಿಯ ರಸ್ತೆಯಲ್ಲಿ ಓಡಿಸಿ ನೋಡಿದೆ. ಹೋಗುವಾಗ ಜಿಂಕೆ. ಇಂಜಿನ್ ಬಿಸಿಯಾಗಿ ಒಂದು ರೈಲ್ವೇ ಗೇಟಿನಲ್ಲಿ ನಿಂತಾಗ ಎದುರಿನ ಕೆಂಪು ದೀಪ ಹತ್ತಿತು. ಎಣ್ಣೆಯ ಒತ್ತಡ ಸಾಲದು ಎಂದು ಹೇಳುವ ದೀಪ ಅದು. ಜೊತೆಗೆ ಒಳಗಿನಿಂದ ಕಟ ಕಟ ಎಂದು ಹಲ್ಲು ಕಡಿಯುವ ಸದ್ದು. ಮನೆಗೆ ಬಂದು ನಿಲ್ಲಿಸಿದರೆ, ಬೆಳಗಾಗುವಷ್ಟರಲ್ಲಿ ಕೆಳಗೆ ತಟ್ಟೆಯಗಲದ ಕೆರೆ. ಹಳೆಯ ರಬ್ಬರಿನ ಸಂದುಗಳೆಲ್ಲ ಆ ತೆಳು ಎಣ್ಣೆಗೆ ಹೆಬ್ಬಾಗಿಲಾಗಿದ್ದವು.

ಇನ್ನು ನಮ್ಮ ಬೀದಿಯ ಜನ ಸುಮ್ಮನಿರುತ್ತಾರೆಯೇ? ಕಾರಿನ ಕೆಳಗೆ ಎಣ್ಣೆ ಕಂಡರೆ ಸಾಕು, ಎಲ್ಲರೂ ಡಾಕ್ಟರೇ. ಟ್ರ್ಯಾಕ್ಟರಿಗೆ ಹಾಕೋದನ್ನೇ ಹಾಕಿಬಿಡಿ, ಕಲ್ಲಿನ ಹಾಗೆ ನಿಲ್ಲುತ್ತದೆ ಎಂದ ಒಬ್ಬ. ಬಸ್ಸಿಗೆ ಹಾಕಿ ತೆಗೆದ ಎಣ್ಣೆ ಕೊಡಿಸುತ್ತೇನೆ, ಅದು ಪಳಗಿದ ಎಣ್ಣೆ ಎಂದ ಡಿಪೋದಲ್ಲಿ ಕೆಲಸ ಮಾಡುವವನೊಬ್ಬ. ಎಣ್ಣೆಯೂ ಉಪ್ಪಿನಕಾಯಿ ಎಂದುಕೊಂಡಿದ್ದನೋ ಏನೋ. ಎದುರು ಮನೆಯ ಅಜ್ಜಿ ಮಾತ್ರ, ಕಣ್ಣು ಬಿದ್ದಿದೆ, ಒಂದು ನಿಂಬೆಹಣ್ಣು ಕಟ್ಟು ಎಂದರು. ಅಜ್ಜಿಯ ಮಾತಿಗೆ ಖರ್ಚು ಕಡಿಮೆ ಎಂದು ನಿಂಬೆಹಣ್ಣು ಕಟ್ಟಿದೆ. ಕೆಂಪು ದೀಪ ಅದಕ್ಕೆ ಹೆದರಲಿಲ್ಲ.

ಸಾದಿಕ್‌ನ ಅಂಗಡಿಗೆ ಮತ್ತೆ ಹೋಗಬೇಕಿತ್ತು. ಆದರೆ ಕಾಲು ಆ ಕಡೆ ತಿರುಗಲಿಲ್ಲ. ಶಾಲೆ ಬಿಟ್ಟವನಿಗೆ ಒಂದು ಕಾಯಿಲೆ ಇರುತ್ತದೆ: ಕೇಳಿ ತಿಳಿದುಕೊಂಡರೆ ಮರ್ಯಾದೆ ಹೋಗುತ್ತದೆ ಎನ್ನುವುದು. ಬಸ್ ಸ್ಟ್ಯಾಂಡಿಗೆ ಹೋಗುವಾಗ ಸುತ್ತು ಬಳಸಿ ಮಾರ್ಕೆಟ್ಟಿನ ಹಿಂದಿನಿಂದ ಹೋಗತೊಡಗಿದೆ.

ಒಂದು ಸಂಜೆ ಇಂಜಿನ್ ಚಾಲೂ ಮಾಡಿ, ಮುಂದಿನ ಮುಚ್ಚಳ ಎತ್ತಿ ಪೆಚ್ಚಾಗಿ ನಿಂತಿದ್ದೆ. ರತ್ನ ಬಂದಳು. ಇಂಜಿನ್ನಿನ ಪಕ್ಕದ ಕಬ್ಬಿಣದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಳು, ಮಗ್ಗದ ಚೌಕಟ್ಟಿನ ಮೇಲೆ ಇಡುತ್ತಿದ್ದ ಹಾಗೆಯೇ.

“ಒಣಕಲು ಹೊಡೀತಿದೆ ಕಣ್ರೀ,” ಎಂದಳು. “ಮೇಲ್ಗಡೆ. ಎಣ್ಣೆ ಹತ್ತುತ್ತಿಲ್ಲ.”

ಆಮೇಲೆ ಬಗ್ಗಿ, ಕೆಳಗೆ ಸೋರಿದ್ದನ್ನು ಬೆರಳಲ್ಲಿ ತೆಗೆದು ಹೆಬ್ಬೆರಳಿಗೆ ತಿಕ್ಕಿ, ಎರಡೂ ಬೆರಳನ್ನು ಅಗಲಿಸಿ ನೋಡಿದಳು. ಹರಳೆಣ್ಣೆಯಾದರೆ ನಡುವೆ ಎಳೆ ಎಳೆಯಾಗಿ ಏಳುತ್ತದೆ. ಇದರಲ್ಲಿ ಏನೂ ಏಳಲಿಲ್ಲ.

“ಇದು ಮಗ್ಗದ ಎಣ್ಣೆಯಲ್ವಾ?”

“ಅಲ್ಲ ಕಣೇ, ಕಾರಿಂದೇ. ಇರೋದ್ರಲ್ಲೆಲ್ಲ ಒಳ್ಳೇದು” ಎಂದು ಅವಳ ಎದುರು ನಿಂತು ತುಟಿ ಆಡಿಸಿದೆ.

“ಅಕ್ಕನ ಮಂಡಿಗೆ ನಾವು ಏನ್ ಹಚ್ತಿದ್ವಿ? ಕೊಬ್ಬರಿ ಎಣ್ಣೆ ಹಚ್ಚಿದ್ರೆ ಬೈತಿದ್ಲು, ಇದು ಎಳೇ ಮಕ್ಳ ತಲೆಗೆ, ನಂಗೆ ಹರಳೆಣ್ಣೆ ತಗೊಂಬಾ ಅಂತ. ನೀವ್ ನೋಡಿದ್ರೆ ಮುದುಕಿ ಮಂಡಿಗೆ ಸೆಂಟ್ ಹಚ್ಚಿದೀರ.”

ಹೇಳಿ, ನಿಂತಲ್ಲೇ ಸ್ವಲ್ಪ ಹೊತ್ತು ಬೆರಳನ್ನು ತಿಕ್ಕುತ್ತಿದ್ದಳು. ಅಕ್ಕನ ಹೆಸರು ಅವಳ ಬಾಯಿಂದ ಎಷ್ಟೋ ತಿಂಗಳ ಮೇಲೆ ತಾನಾಗಿ ಬಂದಿತ್ತು. “ಈಗ ಯಾರು ಹಚ್ತಾರೋ” ಎಂದಳು, ನನಗಲ್ಲ.

ಬೆಳಿಗ್ಗೆ ಎದ್ದವನೇ ಸುತ್ತು ಬಳಸದೆ ಮುಂದಿನ ರಸ್ತೆಯಲ್ಲೇ ಸಾದಿಕ್‌ನ ಅಂಗಡಿಗೆ ಹೋದೆ. ಅವನು ನನ್ನ ಮುಖ ನೋಡಿ ಇಪ್ಪತ್ತು ಡಬ್ಲ್ಯೂ ಐವತ್ತರ ಡಬ್ಬ ಇಳಿಸಿದ.

“ನಗೋದಾದ್ರೆ ಈಗ್ಲೇ ನಕ್ಬಿಡೋ” ಎಂದೆ.

“ಯಾಕಣ್ಣ ನಗ್ಲಿ? ನಮ್ಮಪ್ಪನೂ ಹಂಗೇ. ಸಕ್ಕರೆ ಕಾಯಿಲೆಗೆ ಡಾಕ್ಟ್ರು ಹೇಳಿದ್ ಮಾತ್ರೆ ಬಿಟ್ಟು ಎಲ್ಲಾನೂ ತಿಂದ. ತಗೊಳಿ, ಹಳೇದನ್ನ ಪೂರ್ತಿ ಇಳಿಸ್ಬಿಟ್ಟು ಹಾಕಿ. ಫಿಲ್ಟರ್ರೂ ಹೊಸದು ಹಾಕಿ.”

ಈ ಸಲ ಸುರಿದಾಗ ಎಣ್ಣೆ ಅವಸರ ಮಾಡಲಿಲ್ಲ. ಡಬ್ಬದ ಬಾಯಿಂದ ಹಗ್ಗದ ಹಾಗೆ ಇಳಿಯಿತು. ಕೈಯೂ ಮಧ್ಯದಲ್ಲಿ ನಿಲ್ಲಲಿಲ್ಲ. ನಿಲ್ಲದ ಹಾಗೆ ರತ್ನ ಡಬ್ಬದ ತಳ ಹಿಡಿದುಕೊಂಡಿದ್ದಳು. ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾರಿನ ಕೆಳಗೆ ನೋಡಿದೆ. ಕೆರೆ ಬತ್ತಿ ಕಾಸಿನಗಲದ ಒಂದು ಚುಕ್ಕೆಗೆ ಬಂತು. ಅಷ್ಟು ಸೋರದಿದ್ದರೆ ಅದು ಹಳೆಯ ಕಾರೇ ಅಲ್ಲ.

ಭಾನುವಾರ ಹೊರಟೆವು. ರತ್ನ ಮದುವೆಗೆ ಹೋಗುವ ಹಾಗೆ ಸೀರೆ ಉಟ್ಟು, ಕೋಳಿ ಕಾವಿಗೆ ಕೂತಿದ್ದ ಸೀಟಿನಲ್ಲಿ ಕೂತಳು. ಕಿಟಕಿ ಇಳಿಸಿದ್ದರಿಂದ ಒಳಗೆ ಗಾಳಿ, ಕೆಳಗೆ ಇಂಜಿನ್. ಆ ಸದ್ದಿನಲ್ಲಿ ನನಗೂ ಏನೂ ಕೇಳುತ್ತಿರಲಿಲ್ಲ. ಮೂವತ್ತು ವರ್ಷದಿಂದ ಮೊದಲ ಸಲ ನಾವಿಬ್ಬರೂ ಸಮಾನ ಕಿವುಡರು. ಅವಳು ಏನೋ ಹೇಳಿದಳು, ನಾನು ಒಂದು ಕಣ್ಣು ರಸ್ತೆಯ ಮೇಲಿಟ್ಟು ಅವಳ ತುಟಿ ನೋಡಿದೆ. “ರಸ್ತೆ ನೋಡ್ಕೊಂಡು ಓಡಿಸ್ರೀ” ಎಂದಿದ್ದಳು.

ದೇವನಹಳ್ಳಿಯ ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡೆವು. ಏರ್‌ಪೋರ್ಟಿ­ನ ಟ್ಯಾಕ್ಸಿಗಳು, ದ್ರಾಕ್ಷಿಯ ಕ್ರೇಟು ಹೇರಿದ ಟೆಂಪೋಗಳು, ಬಿಸಿಲು. ಇಂಜಿನ್ ಕಾದಿತ್ತು. ಕೆಂಪು ದೀಪ ಹತ್ತುವುದಾದರೆ ಇದೇ ಜಾಗ. ನಾನು ದೀಪವನ್ನೇ ನೋಡುತ್ತಿದ್ದೆ. ರತ್ನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಪಕ್ಕದ ಬೈಕಿನವನು ಬಗ್ಗಿ, “ಯಾವ ಮಾಡೆಲ್ ಗುರೂ?” ಎಂದ. ನಾನು ದೀಪದಿಂದ ಕಣ್ಣು ತೆಗೆಯಲಿಲ್ಲ. ರತ್ನ ಅವನ ತುಟಿ ನೋಡಿ, ಗಟ್ಟಿಯಾಗಿ, “ಹಳೇದಪ್ಪಾ, ನಮ್ ಥರ!” ಎಂದಳು. ದೀಪ ಹತ್ತಲಿಲ್ಲ. ದಾರಿ ಬಿಟ್ಟಿತು.

ವಿಜಯಪುರದ ಆ ಬೀದಿಯಲ್ಲಿ ಮನೆ ಮನೆಯಿಂದಲೂ ಹುರಿ ಮಿಷನ್ನಿನ ಗುಂಯ್ ಎನ್ನುವ ಸದ್ದು ಬರುತ್ತದೆ. ಕಾರು ನಿಂತದ್ದೇ ತಡ, ಅಕ್ಕನ ಮಗ, ಸೊಸೆ, ಅಕ್ಕಪಕ್ಕದವರು, ಎಲ್ಲರೂ ಸುತ್ತ ನಿಂತರು. “ಬನ್ನಿ ಚಿಕ್ಕಮ್ಮ”, “ಇದೇನ್ ಚಿಕ್ಕಪ್ಪ ಕಾರು!”, “ಅಮ್ಮಾ, ನೋಡ್ಬಾ ಯಾರ್ ಬಂದವ್ರೆ”, ಎಲ್ಲರ ಬಾಯೂ ಒಟ್ಟಿಗೆ. ಎಲ್ಲರದೂ ಪ್ರೀತಿಯೇ. ಆದರೆ ರತ್ನಳ ಕಣ್ಣು ಒಂದು ತುಟಿಯಿಂದ ಇನ್ನೊಂದಕ್ಕೆ ಹಾರಿ ಹಾರಿ ಸೋತಿತು. ಅವಳು ಬಾಗಿಲ ಹಿಡಿ ಮುಟ್ಟಲಿಲ್ಲ. ನನ್ನ ಅಂಗಿಯ ತೋಳು ಹಿಡಿದು, “ನಡೀರಿ, ಹೋಗೋಣ” ಎಂದಳು.

ಅಷ್ಟು ಎಣ್ಣೆ, ಅಷ್ಟು ದಾರಿ, ಬಂದು ಬಾಗಿಲಲ್ಲೇ ಮುಗಿಯಿತೇ?

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದರು. ತಂಗಿಯ ಮುಖ ನೋಡಿದರು. ಏನು ತಿಳಿಯಿತೋ, “ಎಲ್ರೂ ಒಳಗೆ ಹೋಗ್ರೋ, ಸರ್ಕಸ್ ಬಂದಿದ್ಯಾ ಇಲ್ಲಿ?” ಎಂದು ಗದರಿದರು. ಜನ ಚೆದುರಿದರು. ಅಕ್ಕ ನನ್ನ ಕಡೆಯ ಬಾಗಿಲು ತೆಗೆದು, “ನೀನು ಇಳಿಯಪ್ಪ” ಎಂದರು.

“ಅಕ್ಕ, ತುಂಬಾ ತಗ್ಗು. ನಿಮ್ ಮಂಡಿಗೆ ಆಗಲ್ಲ.”

“ನನ್ ಮಂಡಿ ನಂಗ್ ಗೊತ್ತು. ಇಳಿ.”

ಇಳಿದೆ. ಅಕ್ಕ ಬಾಗಿಲು ಹಿಡಿದು, ಕಾರಿನ ಮಾಡು ಹಿಡಿದು, ಕೊನೆಗೆ ನನ್ನ ತಲೆಯನ್ನೂ ಹಿಡಿದು, “ಅಯ್ಯಪ್ಪಾ” ಎಂದು ಧೊಪ್ಪನೆ ಸೀಟಿಗೆ ಬಿದ್ದರು. ಕಾರು ಒಂದು ಸಲ ಕುಗ್ಗಿ ಎದ್ದಿತು. ಒಂದೊಂದಾಗಿ ಕಾಲು ಒಳಗೆ ಎಳೆದುಕೊಂಡು, ಬಾಗಿಲು ಹಾಕಿಕೊಂಡು, “ಈ ಗಾಜು ಹೆಂಗೋ ಏರ್ಸೋದು?” ಎಂದರು. ತೋರಿಸಿದೆ. ಅವರು ತಮ್ಮ ಕಡೆಯದನ್ನು ಏರಿಸಿದರು. ಒಂದು ಕ್ಷಣ ಬಿಟ್ಟು ರತ್ನ ತನ್ನ ಕಡೆಯದನ್ನು ಏರಿಸಿದಳು.

ಹುರಿ ಮಿಷನ್ನಿನ ಸದ್ದು ಹೊರಗೆ ಉಳಿಯಿತು. ನಾನೂ ಹೊರಗೆ ಉಳಿದೆ. ಒಳಗೆ ಇಬ್ಬರೇ, ಮುಖಕ್ಕೆ ಮುಖ, ಮಧ್ಯೆ ಒಂದು ಗೇರಿನ ಕೋಲು. ಅಕ್ಕ ಏನೋ ಹೇಳತೊಡಗಿದರು, ನಿಧಾನವಾಗಿ. ಗಾಜಿನ ಆಚೆಯ ತುಟಿ ಓದುವುದು ನನಗೇನೂ ಕಷ್ಟವಲ್ಲ, ಅದೇ ಶೆಡ್ಡಿನಲ್ಲಿ ಕಲಿತವನು. ಆದರೆ ಬೆನ್ನು ತಿರುಗಿಸಿ ಜಗಲಿಯ ಮೇಲೆ ಕೂತೆ. ಸೊಸೆ ಕಾಫಿ ತಂದುಕೊಟ್ಟಳು. ಕಾಫಿ ಮುಗಿಯಿತು, ತಿಂಡಿ ಬಂತು, ಅದೂ ಮುಗಿಯಿತು. ಒಂದು ಸಲ ತಿರುಗಿ ನೋಡಿದೆ: ಅಕ್ಕನ ಸೀರೆ ಮೊಣಕಾಲಿನವರೆಗೆ ಸರಿದಿತ್ತು, ರತ್ನ ಬಗ್ಗಿ ಅವರ ಮಂಡಿ ಒತ್ತುತ್ತಿದ್ದಳು.

ಏನು ಮಾತಾಡಿದರು ಎಂದು ನನಗೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಕ್ಕನನ್ನು ಆ ಸೀಟಿನಿಂದ ಎತ್ತಲು ಮೂರು ಜನ ಬೇಕಾಯಿತು. ಎದ್ದು ನಿಂತವರೇ ಸೆರಗು ಸರಿಮಾಡಿಕೊಂಡು, “ಮುಂದಿನ ತಿಂಗ್ಳು ಬರೋವಾಗ ಒಂದು ದಿಂಬು ಹಾಕ್ಕೊಂಡು ಬಾ, ನಡ ನೋಯುತ್ತೆ” ಎಂದರು. ಆಮೇಲಿನಿಂದ ತಿಂಗಳಿಗೊಮ್ಮೆ ಹೋಗುತ್ತಿದ್ದೇವೆ. ನಾನು ಡ್ರೈವರು. ಅಲ್ಲಿ ಮುಟ್ಟಿದ ಮೇಲೆ ನನಗೆ ಕಾರಿನಲ್ಲಿ ಜಾಗವಿರುವುದಿಲ್ಲ.

ಈಗ ನನ್ನ ಹತ್ತಿರ ಇರುವುದು: ಓಡುವ ಮಗ್ಗ ನಾಲ್ಕು. ಸ್ವಂತದ ಶೆಡ್ಡು ಒಂದು. ಹೊಸಕೋಟೆಗೆ ಕೊಟ್ಟ ಮಗಳು ಒಬ್ಬಳು. ಹೆಂಡತಿ ಒಬ್ಬಳು. ಕಾರು ಒಂದು, ಅದಕ್ಕೆ ಸೀಟು ಎರಡು, ದಿಂಬು ಒಂದು. ಎಣ್ಣೆ, ಡಬ್ಬದಲ್ಲಿ ಇನ್ನೂ ಮುಕ್ಕಾಲು ಲೀಟರು.